ನಿಂತು ಕೇಳಿದ ವೋಟು

ಸುಮ್ಮನೆ ಕೂಡುವುದಕ್ಕೂ ಒಂದು ಯೋಗ್ಯತೆ ಬೇಕು. ಕೆಲವರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ. ಅಂಥವರು ಗುಡಿಯ ಕಟ್ಟೆಯ ಮೇಲೆ ಬೆಳಿಗ್ಗೆ ಕುಳಿತರೆಂದರೆ ನೆರಳು ಸರಿದ ಹಾಗೆ ತಾವೂ ಸರಿಯುತ್ತಾರೆಯೇ ಹೊರತು ಏಳುವುದಿಲ್ಲ. ನನಗೆ ಆ ಭಾಗ್ಯವಿಲ್ಲ. ಕುಳಿತರೆ ಕಾಲು ಅಲುಗುತ್ತದೆ. ಕಾಲನ್ನು ಹಿಡಿದು ನಿಲ್ಲಿಸಿದರೆ ಕೈ ಏನನ್ನೋ ಹುಡುಕುತ್ತದೆ. ಕೈಯನ್ನೂ ಕಟ್ಟಿಕೊಂಡರೆ ಬಾಯಿ ಶುರುವಾಗುತ್ತದೆ. ಊಟಕ್ಕೆ ಕುಳಿತವನು ಒಂದು ರೊಟ್ಟಿಗೂ ಇನ್ನೊಂದು ರೊಟ್ಟಿಗೂ ನಡುವೆ ಎದ್ದು ಹೋಗಿ ಎತ್ತುಗಳಿಗೆ ಮೇವು ಬಿದ್ದಿದೆಯೋ ಇಲ್ಲವೋ ನೋಡಿ ಬಂದದ್ದುಂಟು. ನಮ್ಮ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಮದುಮಗ ಹಂದರದ ಕಂಬ ಸಡಿಲಾಗಿದೆಯೆಂದು ಅದನ್ನು ಅಲುಗಾಡಿಸಲು ಹೋಗಿದ್ದನೆಂದು ನನ್ನ ಹೆಂಡತಿ ಗಂಗಾಬಾಯಿ ಇಂದಿಗೂ ಬಂದವರ ಮುಂದೆಲ್ಲ ಹೇಳುತ್ತಾಳೆ. ಅದು ಪೂರ್ತಿ ನಿಜವಲ್ಲ. ಅಕ್ಷತೆ ಬೀಳುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಇಂಥವನು ಚುನಾವಣೆಗೆ ನಿಂತದ್ದರಲ್ಲಿ ಆಶ್ಚರ್ಯವೇನಿಲ್ಲ. ಕೂಡಲಾರದವನಿಗೆ ನಿಲ್ಲುವುದೊಂದೇ ಉಳಿದ ದಾರಿ. ನಿಜಾಮರ ಆಳಿಕೆಯ ಕೊನೆಕೊನೆಯ ವರ್ಷಗಳು ಅವು. ಹೈದರಾಬಾದಿನಲ್ಲಿ ಹೊಸದೊಂದು ಶಾಸನಸಭೆ ಕೂಡುತ್ತದಂತೆ, ಅದರಲ್ಲಿ ಒಕ್ಕಲುತನದವರ ಪರವಾಗಿ ಮಾತನಾಡಲು ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಗೆಲ್ಲ ಸೇರಿಸಿ ಒಬ್ಬನನ್ನು ಆರಿಸಿ ಕಳಿಸಬೇಕಂತೆ ಎಂಬ ಸುದ್ದಿ ಬಂತು. ಸುದ್ದಿ ತಂದವರು ಖಾಜಾಸಾಬರು. ತಹಸೀಲು ಕಚೇರಿಯಲ್ಲಿ ಪೇಶ್ಕಾರಿಕೆ ಮಾಡಿ ನಿವೃತ್ತರಾಗಿ ನಮ್ಮೂರಲ್ಲೇ ಮನೆ ಮಾಡಿಕೊಂಡಿದ್ದ ಹಿರಿಯರು, ನನ್ನ ಗೆಳೆಯರು. ಸಭೆಯಲ್ಲಿ ಮಾತೆಲ್ಲ ಉರ್ದುವಿನಲ್ಲೇ ನಡೆಯುತ್ತದೆ, ನೀವು ಉರ್ದು ಓದಿದವರು, ಹೊಲಮನೆ ಇರುವವರು, ನೀವು ಯಾಕೆ ನಿಲ್ಲಬಾರದು ಎಂದು ಅವರು ಕೇಳಬೇಕೆಂದಿದ್ದರು. 'ನೀವು ಯಾಕೆ' ಎನ್ನುವಷ್ಟರಲ್ಲೇ ನಾನು ಎದ್ದು ಚಪ್ಪಲಿ ಹುಡುಕುತ್ತಿದ್ದೆ.

ಬರೀ ಚಪಲಕ್ಕೆ ನಿಂತೆನೆಂದು ಯಾರೂ ತಿಳಿಯಬಾರದು. ನನಗೆ ಹೇಳುವ ಮಾತೊಂದಿತ್ತು. ಯುದ್ಧದ ಕಾಲದಿಂದ ನಮ್ಮ ಬೆನ್ನಿಗೆ ಲೆವಿ ಎಂಬುದು ಬಿದ್ದಿತ್ತು. ಬೆಳೆದ ಜೋಳದಲ್ಲಿ ಇಷ್ಟನ್ನು ಸರಕಾರಕ್ಕೆ ಅಳೆಯಲೇಬೇಕು. ಮಳೆ ಬಂತೇ, ಕಾಳು ಕಟ್ಟಿತೇ, ಮನೆಯಲ್ಲಿ ಉಣ್ಣುವ ಬಾಯಿ ಎಷ್ಟು ಎಂದು ಕೇಳುವವರಿಲ್ಲ. ಅಳೆಯುವವನು ಬಂದು ನೆಲದೊಳಗೆ ಜೋಳ ತುಂಬಿಟ್ಟ ಹಗೇವಿನ ಬಾಯಿ ತೆರೆಸುತ್ತಿದ್ದ, ನಾವು ಕೈಕಟ್ಟಿ ನಿಲ್ಲುತ್ತಿದ್ದೆವು. ನನ್ನ ಕಣ್ಣೆದುರೇ ನೆರೆಮನೆಯ ಮುದುಕರೊಬ್ಬರು ಬೀಜಕ್ಕಿಟ್ಟ ಜೋಳವನ್ನೂ ಅಳೆದು ಕೊಟ್ಟು ಹಗೇವಿನ ಪಕ್ಕದಲ್ಲೇ ಕುಸಿದು ಕುಳಿತಿದ್ದರು. ಈ ಮಾತನ್ನು ಹೈದರಾಬಾದಿನಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಹೇಳಬೇಕು ಎಂಬುದು ನನ್ನ ಎದೆಯೊಳಗೆ ಕುದಿಯುತ್ತಿತ್ತು. ಉರ್ದುವಿನಲ್ಲಿ ಒಂದು ಭಾಷಣವನ್ನೂ ಕಟ್ಟಿಕೊಂಡು ಕೊಟ್ಟಿಗೆಯಲ್ಲಿ ಎತ್ತುಗಳ ಮುಂದೆ ಮಾಡಿ ನೋಡಿದ್ದೆ. ಅವು ಬಹಳ ಮೆಚ್ಚಿದವು. ಜೊತೆಗೆ, ಊರವರು ನನ್ನನ್ನು 'ಮೆಂಬರ್ ಸಾಹೇಬ್ರು' ಎಂದು ಕರೆಯುವುದು ಕಿವಿಯಲ್ಲಿ ಆಗಾಗ ಕೇಳಿಸುತ್ತಿತ್ತೆಂಬುದನ್ನೂ ಮುಚ್ಚಿಡುವುದಿಲ್ಲ.

ವೋಟು ಇದ್ದದ್ದು ಹೊಲದ ಪಟ್ಟಾ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ. ಪಟ್ಟಾದಲ್ಲಿ ಹೆಂಗಸಿನ ಹೆಸರಿದ್ದರೆ ಆಕೆಗೂ ಉಂಟು ಎಂದು ಖಾಜಾಸಾಬರು ವಿಚಾರಿಸಿ ಬಂದು ಹೇಳಿದರು. ನನಗೆ ಹಿಗ್ಗಾಯಿತು. ನನ್ನ ಮಾವನವರು ಮಗಳ ಮೇಲಿನ ಅಕ್ಕರೆಯಿಂದಲೋ ಅಳಿಯನ ಮೇಲಿನ ಅಪನಂಬಿಕೆಯಿಂದಲೋ, ನಮ್ಮೂರ ಸೀಮೆಯಲ್ಲೇ ಒಂದು ಹೊಲ ಕೊಂಡು ಅವಳ ಹೆಸರಿಗೇ ಪಟ್ಟಾ ಮಾಡಿಸಿದ್ದರು. ಅಂದರೆ ನಮ್ಮ ಮನೆಯದೇ ಎರಡು ವೋಟು. ಮನೆಯಲ್ಲಿ ಇದ್ದದ್ದು ಇದ್ದೇ ಇದೆ, ಇನ್ನು ಹೊರಗಿನದನ್ನು ನೋಡಿದರಾಯಿತು ಎಂದು ಗಾಡಿ ಹೂಡಿಸಿದೆ.

ಎದುರಿಗೆ ನಿಂತವರು ಜೇವರ್ಗಿ ಕಡೆಯ ಮಲ್ಲನಗೌಡರು. ನನ್ನ ಹೆಂಡತಿಯ ತವರೂರಿನವರೇ. ಅವಳಿಗೆ ಊರ ಸಂಬಂಧದಲ್ಲಿ ಅಣ್ಣನಾಗಬೇಕು. ತೂಕದ ಮನುಷ್ಯ, ಮಾತಿನಲ್ಲಲ್ಲ, ಮೈಯಲ್ಲಿ. ಉರ್ದು ಅಷ್ಟಕ್ಕಷ್ಟೆ. ಲೆವಿಯ ಬಗ್ಗೆ ಅವರು ಬಾಯಿಬಿಟ್ಟದ್ದನ್ನು ನಾನಂತೂ ಕೇಳಿರಲಿಲ್ಲ. ಅವರು ಪ್ರಚಾರ ಮಾಡುವ ರೀತಿಯನ್ನು ಕಂಡವರು ಬಂದು ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಒಂದು ಊರಿಗೆ ಹೋದರೆ ಒಂದೇ ಮನೆಯಂತೆ. ಬೆಳಿಗ್ಗೆ ಕುಳಿತವರು ಉಂಡು, ಅಲ್ಲೇ ಒಂದು ನಿದ್ದೆ ತೆಗೆದು, ಸಂಜೆ ಏಳುತ್ತಾರಂತೆ. ಈ ನಡಿಗೆಯಲ್ಲಿ ಅವರು ಭೀಮಾ ನದಿ ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ನಾನು ಹೈದರಾಬಾದಿಗೆ ಹೋಗಿ ಭಾಷಣ ಮುಗಿಸಿ ತಿರುಗಿ ಬಂದಿರುತ್ತೇನೆ ಎಂದುಕೊಂಡೆ.

ನಮ್ಮ ಕಡೆ ಕೆಲಸವಿಟ್ಟುಕೊಂಡು ಒಬ್ಬರ ಮನೆಗೆ ಹೋದರೆ ಅದಕ್ಕೊಂದು ಪದ್ಧತಿಯಿದೆ. ಮೊದಲು ಪಡಸಾಲೆಯಲ್ಲಿ ಕಂಬಳಿ ಹಾಸುತ್ತಾರೆ. ಕೂಡಬೇಕು. ನೀರು ಬೆಲ್ಲ ಬರುತ್ತದೆ. ಎಮ್ಮೆ ಈದಿದೆಯೇ, ಮಗಳು ಗಂಡನ ಮನೆಯಿಂದ ಬಂದಳೇ, ಬಾವಿಯ ನೀರು ಎಲ್ಲಿಗೆ ಇಳಿದಿದೆ ಎಂದು ಒಂದೊಂದನ್ನೇ ಕೇಳಬೇಕು. ಅವರೂ ಕೇಳುತ್ತಾರೆ, ಹೇಳಬೇಕು. ಚಹಾ ಬರುತ್ತದೆ, ಬೇಡವೆನ್ನಬಾರದು. ಎಲೆ ಅಡಿಕೆಯ ತಟ್ಟೆ ಬರುವ ತನಕ ಬಂದ ಕೆಲಸದ ಸುದ್ದಿ ಎತ್ತುವ ಹಾಗಿಲ್ಲ. ಎದ್ದು ಚಪ್ಪಲಿ ಮೆಟ್ಟುವಾಗ, ಈಗ ತಾನೇ ನೆನಪಾದವರ ಹಾಗೆ, 'ಅಂದಂಗ' ಎಂದು ಶುರು ಮಾಡಬೇಕು. ಬಂದವರು ಯಾಕೆ ಬಂದಿದ್ದಾರೆಂದು ಮನೆಯವರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದವರ ಹಾಗೆ ಅವರೂ ಕುಳಿತಿರುತ್ತಾರೆ. ಇದು ಮರ್ಯಾದೆ.

ಈ ಮರ್ಯಾದೆಯನ್ನು ನಾನು ಬಲ್ಲೆನಾದರೂ ನನ್ನ ಕಾಲು ಅರಿಯದು. ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿ ಹಿರಿಯ ಪಟ್ಟಾದಾರರೊಬ್ಬರು ಕಂಬಳಿಯನ್ನು ಕೊಡವುತ್ತಿರುವಾಗಲೇ ನಾನು ಹೊಸ್ತಿಲ ಮೇಲೆ ನಿಂತು ಲೆವಿ, ಹೈದರಾಬಾದು, ವೋಟು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವರು ಹಾಸುವುದೋ ಸುತ್ತಿಡುವುದೋ ತಿಳಿಯದೆ ಕಂಬಳಿಯನ್ನು ಕೈಯಲ್ಲೇ ಹಿಡಿದು 'ನೋಡೂಣ್ರಿ' ಅಂದರು. ನಾನು ಅದನ್ನು ಒಪ್ಪಿಗೆಯೆಂದು ಲೆಕ್ಕ ಹಿಡಿದೆ. ಭೂಸನೂರಿನಲ್ಲಿ ಮನೆಯಾಕೆ ನಮಗೆಂದು ಎಣ್ಣೆಯಲ್ಲಿ ಭಜಿ ಬಿಟ್ಟಿದ್ದಳು. ಅದು ಬೇಯುವ ತನಕ ಕೂಡಲಾರದೆ ನಾನು ಹೋಗಿ ಗಾಡಿ ಹತ್ತಿದೆ. ಖಾಜಾಸಾಬರು ಮಾತ್ರ ಕುಳಿತು ತಿಂದು, ನನ್ನ ಪಾಲಿನದನ್ನೂ ತಿಂದು, ಬಾಯಿ ಒರೆಸಿಕೊಳ್ಳುತ್ತ ಬಂದರು. ಗಾಡಿ ಊರು ದಾಟಿದ ಮೇಲೆ ಮೆಲ್ಲಗೆ ಅಂದರು:

"ಸಾವಕಾರ್ರ, ಸ್ವಲ್ಪ ಸಬರ್ ಮಾಡ್ರಿ. ಈ ಮಂದಿಗಿ ನಿಮ್ಮ ಬೆನ್ನಿನ ಗುರ್ತು ಛಲೋ ಆಗ್ಯದ, ಮಾರಿ ಗುರ್ತು ಇನ್ನಾ ಆಗಿಲ್ಲ."

ಮುಖದ ಗುರುತಿಗೆ ವೇಳೆ ಎಲ್ಲಿದೆ ಎಂದು ನಾನು ಎತ್ತಿನ ಬಾಲ ಮುಟ್ಟಿದೆ.

ಕಡಗಂಚಿಯ ಹತ್ತಿರ ಒಂದು ಊರಿನಲ್ಲಿ ಆದದ್ದನ್ನು ಮಾತ್ರ ನಗುತ್ತ ಹೇಳಲು ನನಗೆ ಆಗುವುದಿಲ್ಲ. ಊರ ಹೊರಗಿನ ಕೇರಿಯ ಮುಂದೆ ಗಾಡಿ ಹಾಯಬೇಕಿತ್ತು. ಅಲ್ಲಿನವರೆಲ್ಲ ಹೊಲಗಳಲ್ಲಿ ದುಡಿಯುವ ಮಂದಿ. ಬಿತ್ತಿದವರು ಅವರು, ಕೊಯ್ದವರು ಅವರು. ಪಟ್ಟಾ ಮಾತ್ರ ಅವರ ಹೆಸರಿನಲ್ಲಿಲ್ಲ. ಇಲ್ಲಿ ವೋಟಿಲ್ಲವೆಂದು ಖಾಜಾಸಾಬರು ಹೇಳಿದಾಗ ನನಗೆ ಒಂದು ಕೇರಿಯ ತಿರುಗಾಟ ಉಳಿಯಿತಲ್ಲ ಎಂದು ಹಗುರಾಯಿತು. ಗೋಡೆಯ ನೆರಳಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ ನಮ್ಮನ್ನು ನೋಡಿದಳು. "ನಮ್ಮನ್ನ ಕೇಳಾಂಗಿಲ್ಲೇನ್ರಿ ಯಪ್ಪಾ?" ಅಂದಳು. ನಿಮಗೆ ವೋಟಿಲ್ಲವಲ್ಲ ತಾಯಿ ಎಂದು ನಾನು ಗಾಡಿಯಿಂದಲೇ ಹೇಳಿದೆ. "ವೋಟಿಲ್ಲಂದ್ರ ಏನಾಯ್ತ್ರಿ, ನಮ್ಮ ಪರವಾಗಿ ಮಾತಾಡಾಕ ಹೊಂಟೀರಂತಲ್ಲ, ಏನು ಮಾತಾಡ್ತೀರಂತ ಹೇಳಿಯಾರ ಹೋಗ್ರಿ" ಎಂದು ಅವಳು ಮೊರ ಕೆಳಗಿಟ್ಟಳು. ಕೇಳಲು ಸಿದ್ಧಳಾಗಿಯೇ ಇಟ್ಟಳು. ಎತ್ತುಗಳ ಮುಂದೆ ಅಷ್ಟು ಸರಾಗವಾಗಿ ಬಂದ ಭಾಷಣ ಅವಳ ಮುಂದೆ ನೆನಪಿಗೇ ಬರಲಿಲ್ಲ. ತಿರುಗಿ ಬರುವಾಗ ಹೇಳುತ್ತೇನೆ ಎಂದೆ. ತಿರುಗಿ ಬರುವಾಗ ಬೇರೆ ದಾರಿ ಹಿಡಿದೆವು. ಬೇರೆ ದಾರಿ ಹಿಡಿಯಲು ಹೇಳಿದವನು ನಾನೇ.

ಆ ದಿನಗಳಲ್ಲಿ ನನ್ನ ಚಡಪಡಿಕೆ ಮೇರೆ ಮೀರಿತು. ಮನೆಗೆ ಬಂದರೂ ನಿಂತೇ ಚಹಾ, ನಿಂತೇ ಮಾತು. ಒಂದು ದಿನ ಮಧ್ಯಾಹ್ನದ ಮೇಲೆ ಅಫಜಲಪುರದ ಕಡೆಯಿಂದ ಬಂದಾಗ ನಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಪಕ್ಕದಲ್ಲಿ ಎಲೆ ಅಡಿಕೆಯ ತಟ್ಟೆ. ಯಾರು ಬಂದಿದ್ದರು ಎಂದೆ. ಮಲ್ಲಣ್ಣ ಬಂದಿದ್ದರು ಎಂದಳು ಗಂಗಾಬಾಯಿ. ಎದುರಾಳಿ ನನ್ನ ಮನೆಗೇ ಬಂದು ಕುಳಿತದ್ದು ನನಗೆ ಬಹಳ ಮೋಜೆನಿಸಿತು. "ಬಾಳೊತ್ತು ಕುಂತಿದ್ರು. ನಿಮ್ಮ ದಾರಿ ನೋಡಿದ್ರು. ಊಟ ಮಾಡಿದ್ರು. ಆಮ್ಯಾಲ ನನಗ..." ಎಂದು ಅವಳು ಹೇಳುತ್ತಿದ್ದಳು. ಅಷ್ಟರಲ್ಲಿ ಗಾಡಿಯ ಕೀಲು ಸದ್ದು ಮಾಡಿದ್ದು ನೆನಪಾಗಿ ನಾನು ಅಂಗಳಕ್ಕೆ ಹೋದೆ. ಕೀಲು ಸರಿಯಾಗಿಯೇ ಇತ್ತು.

ಇಷ್ಟರಲ್ಲಿ ಖಾಜಾಸಾಬರು ಒಂದು ಹೊಸ ಸಂಕಟ ತಂದರು. ಓದು ಬಾರದವರಿಗೆ ಚೀಟಿ ಹಾಕುವ ಗೊಡವೆಯಿಲ್ಲ, ತಮಗೆ ಬೇಕಾದವರ ಹೆಸರನ್ನು ಸಾಹೇಬರ ಮುಂದೆ ಬಾಯಿಬಿಟ್ಟು ಹೇಳಬೇಕು, ಅವರು ಬರೆದುಕೊಳ್ಳುತ್ತಾರೆ. ಹೆಂಗಸರಿಗೆ ಪರದೆ ಕಟ್ಟುತ್ತಾರೆ, ಪರದೆಯ ಈ ಕಡೆಯಿಂದ ಹೇಳಬೇಕು. ಎಲ್ಲ ಸರಿ, ಆದರೆ ನಿಮ್ಮ ಮನೆಯವರು ನಿಮ್ಮ ಹೆಸರನ್ನು ಹೇಗೆ ಹೇಳುತ್ತಾರೆ ಎಂದು ಅವರು ಕೇಳಿದರು. ನಮ್ಮಲ್ಲಿ ಗಂಡನ ಹೆಸರು ಹೇಳುವ ಹೆಂಗಸು ಇನ್ನೂ ಹುಟ್ಟಿರಲಿಲ್ಲ. ನನ್ನ ಹೆಸರು ಬಸಲಿಂಗಪ್ಪ. ಲಗ್ನವಾದಾಗಿನಿಂದ ನನ್ನವಳ ಬಾಯಲ್ಲಿ ಅದು ಬಂದದ್ದು ಮದುವೆ ಮುಂಜಿಗಳಲ್ಲಿ ಒಡಪು ಹೇಳುವಾಗ ಮಾತ್ರ. ಹೆಂಗಸರು ಹೊಸ್ತಿಲಲ್ಲಿ ದಾರಿ ಕಟ್ಟಿ ಗಂಡನ ಹೆಸರು ಹೇಳೆಂದು ಕಾಡಿದಾಗ ಎರಡು ಸಾಲು ಪ್ರಾಸ ಹೇಳಿ ಅದರ ಬೆನ್ನಿಗೆ ಹೆಸರನ್ನು ಜಾರಿಸಿಬಿಡುವುದಿದೆಯಲ್ಲ, ಅದರಲ್ಲಿ ಅವಳದು ಎತ್ತಿದ ಕೈ. ನೆಂಟರ ಊರುಗಳಿಂದ ಅವಳ ಒಡಪು ಕೇಳಲೆಂದೇ ಕರೆ ಬರುತ್ತಿತ್ತು.

ದಾರಿ ಹೊಳೆಯಿತು. ಹೊಲದ ಬದುವಿನ ಮೇಲೆ ಅಡ್ಡಾಡುತ್ತ ನಾನೇ ಒಂದು ಒಡಪು ಕಟ್ಟಿದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿಕೊಟ್ಟೆ:

"ಭೀಮಿಯ ದಂಡ್ಯಾಗ ಬಿಳಿಜೋಳದ ತೆನಿ,
ತೆನಿಯಂಗ ತುಂಬಿರಲಿ ನಮ್ಮ ಮನಿ,
ಬಸಲಿಂಗಪ್ಪನೋರಿಗೆ ನನ್ನ ವೋಟು, ಬರಕೊಳ್ರಿ ಸಾಹೇಬ್ರ."

ಅವಳು ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಹಿಡಿದು ಕೇಳಿಸಿಕೊಂಡಳು. "ತೆನಿಗಿ ಮನಿ ಕೂಡ್ಯದ. ವೋಟಿಗಿ ಏನೂ ಕೂಡಿಲ್ಲಲ್ರಿ" ಎಂದು ನಕ್ಕಳು. ಸಾಹೇಬರಿಗೆ ಪ್ರಾಸ ಬೇಕಿಲ್ಲ, ಹೆಸರು ಸಿಕ್ಕರೆ ಸಾಕು, ಬಾಯಿಪಾಠ ಮಾಡಿಕೋ ಎಂದೆ. ಅವಳು ಆಮೇಲೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದಳು. ಬಾಯಿಪಾಠ ಮಾಡಿಕೊಳ್ಳುತ್ತಿದ್ದಾಳೆಂದು ತಿಳಿದು ನಾನು ಹೊರಟುಹೋದೆ.

ವೋಟಿನ ದಿನ ಆಳಂದದ ಶಾಲೆಯ ಮುಂದೆ ಜನ ಸೇರಿತ್ತು. ಒಳಗೆ ಹೈದರಾಬಾದಿನಿಂದ ಬಂದ ಸಾಹೇಬರು. ಉಮೇದುವಾರರು ಬಾಗಿಲ ಹತ್ತಿರ ಸುಳಿಯಬಾರದೆಂದು ಅಪ್ಪಣೆ. ಮಲ್ಲನಗೌಡರು ಶಾಲೆಯ ಎದುರಿನ ಕಟ್ಟೆಯ ಮೇಲೆ ಕುಳಿತಿದ್ದರು. ಬಂದವರೆಲ್ಲ ಅವರ ಹತ್ತಿರ ಹೋಗಿ ಗಳಿಗೆ ಕುಳಿತು ಒಳಗೆ ಹೋಗುತ್ತಿದ್ದರು. ನಾನು ಬೇವಿನ ಮರದ ಸುತ್ತ ತಿರುಗುತ್ತಿದ್ದೆ. ನನ್ನ ಹತ್ತಿರ ಬಂದವರಿಗೆ ನನ್ನನ್ನು ಹಿಡಿದು ನಿಲ್ಲಿಸುವುದೇ ಕಷ್ಟವಾಗಿರಬೇಕು.

ಹೆಂಗಸರು ಕೆಲವರೇ ಇದ್ದರು. ಮೊದಲು ಹೋದವಳು ನಮ್ಮ ಓಣಿಯ ಶಿವಮ್ಮ ಆಯಿ. ಗಂಡ ತೀರಿದ ಮೇಲೆ ಹೊಲ ಅವಳ ಹೆಸರಿಗೆ ಬಂದಿತ್ತು. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವಳು, ವೋಟು ನನಗೇ ಎಂದು ಅವಳೇ ಮನೆಗೆ ಬಂದು ಹೇಳಿ ಹೋಗಿದ್ದಳು. ಒಳಗೆ ಹೋದವಳು ಬಹಳ ಹೊತ್ತು ಬರಲೇ ಇಲ್ಲ. ನಾನು ಮರ ಸುತ್ತಿದೆ, ಶಾಲೆಯ ಹಿಂದಿನ ಬಾವಿಯಲ್ಲಿ ಇಣುಕಿ ಬಂದೆ, ಎತ್ತುಗಳನ್ನು ನೆರಳಿಗೆ ಕಟ್ಟಿಸಿದೆ. ಆಗ ನೆನಪಾಯಿತು, ಅವಳ ತೀರಿಹೋದ ಗಂಡನ ಹೆಸರೂ ಬಸಲಿಂಗಪ್ಪ. ಕೊನೆಗೆ ಹೊರಬಂದ ಆಯಿಗೆ ನಾಚಿಕೆಯಿಂದ ಕೆನ್ನೆ ಕೆಂಪಾಗಿತ್ತು. ಪರದೆಯಾಚೆ ಆ ಸಾಹೇಬ ಮತ್ತೆ ಮತ್ತೆ ಹೆಸರು ಹೇಳೆಂದು ಕಾಡಿದನಂತೆ, ಇವಳು ಮತ್ತೆ ಮತ್ತೆ ಸೆರಗು ಬಾಯಿಗಿಟ್ಟುಕೊಂಡಳಂತೆ. ಕೊನೆಗೆ ಮದುವಣಗಿತ್ತಿಯಾಗಿದ್ದಾಗ ಹೇಳಿದ ಒಡಪನ್ನೇ ಹುಡುಕಿ ತೆಗೆದು ಹೇಳಿ ಬಂದಳಂತೆ. "ನಿನ್ನ ಸಲವಾಗಿ ಈ ವಯಸ್ಸಿನ್ಯಾಗ ಅವರ ಹೆಸರು ಹೇಳಿದ್ನೆಪ್ಪಾ" ಎಂದು ಅವಳು ನನ್ನ ಕೆನ್ನೆ ಸವರಿದಳು.

ಆಮೇಲೆ ಗಂಗಾಬಾಯಿ ಹೋದಳು. ಇವಳದೂ ಹೊತ್ತಾಗುತ್ತದೆ, ಆಗಲಿ ಎಂದುಕೊಂಡೆ. ಎಂದೂ ಇಲ್ಲದ ನಾನು ಅಂದು ಹೊತ್ತಾಗಲಿ ಎಂದು ಬಯಸಿದೆ. ನಾಚಿಕೊಳ್ಳಬೇಕು, ಸೆರಗು ಎಳೆದುಕೊಳ್ಳಬೇಕು, ಮೂರು ಸಾಲು ಹೇಳಬೇಕು, ಸಾಹೇಬರಿಗೆ ಅರ್ಥವಾಗದೆ ಇನ್ನೊಮ್ಮೆ ಹೇಳಬೇಕು. ಮರ ಸುತ್ತಲು ಹೆಜ್ಜೆ ಎತ್ತಿದೆ. ಆಚೆ ಬದಿಗೆ ಹೋಗಿ ಈಚೆ ಬರುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಬರುತ್ತಿದ್ದಳು.

ನಾನು ನಿಂತುಬಿಟ್ಟೆ. ನಮ್ಮ ಕಡೆಯ ಯಾವ ಹೆಂಗಸೂ ಗಂಡನ ಹೆಸರನ್ನು ಅಷ್ಟು ಬೇಗ ಹೇಳಿ ಬರಲಾರಳು.

ಗಾಡಿ ಊರಿನ ಅರ್ಧ ದಾರಿ ದಾಟಿತು. ಕೊನೆಗೆ ತಡೆಯಲಾರದೆ ಒಡಪು ಹೇಳಿದೆಯಾ ಎಂದೆ.

"ಇಲ್ರಿ" ಅಂದಳು. "ಮಲ್ಲಣ್ಣನ ಹೆಸರು ಹೇಳ್ದೆ. ಅಣ್ಣನ ಹೆಸರಿಗಿ ಒಡಪು ಬೇಕಾಗೂದಿಲ್ಲ."

ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ದುಃಖ. ಬಾಯಿಂದ ಹೊರಟದ್ದು, ಲೆವಿ ಜೋಳದ ಮಾತು ಅಲ್ಲಿ ಇನ್ನು ಯಾರು ಹೇಳುತ್ತಾರೆ, ಮನೆಯವಳೇ ಹೀಗೆ ಮಾಡಿದರೆ ಹೇಗೆ ಎಂಬ ಎರಡು ತೊದಲು ಮಾತು. ಅವಳು ಸೆರಗು ಸರಿಮಾಡಿಕೊಂಡಳು. ದನಿ ಏರಿಸಲಿಲ್ಲ.

"ಅವ್ರು ಬಂದು ಕುಂತು, ಉಂಡು, ಏಳಾಗ 'ತಂಗಿ, ನಿನ್ನ ವೋಟು ಕೊಡ್ತೀ ಏನವ್ವಾ' ಅಂತ ಕೇಳಿದ್ರು. ಅವ್ರ ಮುಂದ ನಾ ಏನೂ ಅನ್ನಲಿಲ್ಲ. ನೀವು ಕೇಳ್ತೀರಂತ ಕಾದೆ. ನೀವು ಹ್ಯಾಂಗ ಹೇಳ್ಬೇಕಂತ ಕಲಿಸಿದ್ರಿ. ಹೇಳ್ತೀ ಏನಂತ ಕೇಳ್ಲಿಲ್ಲ."

ಗಾಡಿಯಿಂದ ಇಳಿದು ನಡೆದು ಹೋಗೋಣವೆನಿಸಿತು. ಇಳಿಯಲಿಲ್ಲ. ಇಳಿದರೂ ಹೋಗಬೇಕಾದದ್ದು ಅದೇ ಮನೆಗೆ.

ಅವಳ ಒಂದು ವೋಟಿನಿಂದಲೇ ನಾನು ಸೋತಿದ್ದರೆ ಕಥೆಗೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ನಾನು ಸಾಕಷ್ಟು ಧಾರಾಳವಾಗಿಯೇ ಸೋತೆ. ಕಿಣ್ಣಿ ಸುಲ್ತಾನದ ಕಂಬಳಿ, ಭೂಸನೂರಿನ ಭಜಿ ಎಲ್ಲವೂ ಮಲ್ಲನಗೌಡರ ಪಾಲಾಗಿದ್ದವು. ಸಮಾಧಾನ ಹೇಳಲು ಕೆಲವು ದಿನ ಮನೆಗೆ ಜನ ಬಂದರು. ಕಂಬಳಿ ಹಾಸಿದೆವು. ಬಂದವರು ಕುಳಿತು ನಾನು ಸೋತದ್ದು ಯಾಕೆಂದು ಬಹಳ ಆಳವಾಗಿ ಚರ್ಚೆ ಮಾಡಿದರು. ಹೈದರಾಬಾದಿನ ರಾಜಕಾರಣ ಎಂದರು ಒಬ್ಬರು. ಅಮಲ್ದಾರರು ಒಳಗಿಂದೊಳಗೆ ಗೌಡರ ಕಡೆಗಿದ್ದರು ಎಂದರು ಇನ್ನೊಬ್ಬರು. ನಾನು ಎಲ್ಲದಕ್ಕೂ ತಲೆಯಾಡಿಸಿ, ಕಾಲ ಕೆಟ್ಟಿದೆ ಎಂದು ನನ್ನದೂ ಒಂದು ಮಾತು ಸೇರಿಸಿದೆ. ಬಾಗಿಲ ಹತ್ತಿರ ಎಲೆ ಅಡಿಕೆಯ ತಟ್ಟೆ ಹಿಡಿದು ಗಂಗಾಬಾಯಿ ನಿಂತಿರುತ್ತಿದ್ದಳು. ನಿಜವಾದ ಕಾರಣವನ್ನು ಅವಳು ಒಂದೇ ಮಾತಿನಲ್ಲಿ ಹೇಳಬಲ್ಲವಳಾಗಿದ್ದಳು. ಬಂದವರಲ್ಲಿ ಒಬ್ಬರೂ ಅವಳನ್ನು ಕೇಳಲಿಲ್ಲ. ಯಾರಾದರೂ ಎಲ್ಲಿ ಕೇಳಿಬಿಡುತ್ತಾರೋ ಎಂದು ನಾನು ಮಾತ್ರ ಅವರು ಎದ್ದು ಹೋಗುವ ತನಕ ಕುಳಿತಲ್ಲಿಂದ ಅಲುಗುತ್ತಿರಲಿಲ್ಲ.